ಬಾವಿಯೊಳಗಿನ ಮಿಸ್ ಕಾಲ್

ನವೆಂಬರ್ ೪, ಸೋಮವಾರ

ಮುಂಜಾನೆ ಕೆಳಗಿನ ಓಣಿಯ ಶಂಕ್ರೆಪ್ಪನ ಮಗಳು ಮನೆಗೆ ಬಂದಿದ್ದಳು. ಹೆಸರು ಪೂನಮ್. ಶಂಕ್ರೆಪ್ಪ ಧಾರವಾಡದ ಬಸ್ಸಿನಲ್ಲಿ ಕಂಡಕ್ಟರ್. ಎರಡು ಸಲ ನನಗೆ ಸೀಟು ಬಿಡಿಸಿಕೊಟ್ಟಿದ್ದಾನೆ, ಆ ಮಟ್ಟಿಗೆ ಒಳ್ಳೆಯವನು. ಮಗಳು ಬೆಳಗಾವಿಯಲ್ಲಿ ದೊಡ್ಡ ಓದು ಓದುತ್ತಿದ್ದಾಳೆ. ಡಾಕ್ಟರ್ ಆಗುವವಳು, ಆದರೆ ಸೂಜಿ ಚುಚ್ಚುವ ಡಾಕ್ಟರ್ ಅಲ್ಲ.

ನಮ್ಮ ಹೊಲದ ಬಾವಿ ಕೆಲವು ದಿನ ಬೇಕು ಎಂದಳು.

"ನೀರು ಬೇಕೇನು?"

"ನೀರು ಬ್ಯಾಡ್ರಿ ಗೌಡತಿಯವರ. ನೀರಾಗ ಮಾತಾಡಿಸೂದು ಐತ್ರಿ."

ಮೊಬೈಲಿನ ಅಲೆ ನೀರಿನಲ್ಲಿ ಎರಡು ಮಾರು ಸಹ ಹೋಗುವುದಿಲ್ಲವಂತೆ. ನೀರಿನೊಳಗೆ ದೂರ ಹೋಗುವುದು ಶಬ್ದ ಒಂದೇ. ಅವಳ ಹತ್ತಿರ ಎರಡು ಯಂತ್ರ ಇವೆ. ಒಂದು ಬಾವಿಯ ತಳದಲ್ಲಿ ಕುಳಿತು ನೀರಿನ ಮಟ್ಟ, ತಂಪು, ರಾಡಿ ಎಲ್ಲ ಅಳೆದು ಶಬ್ದದಲ್ಲಿ ಹೇಳುತ್ತದೆ. ಇನ್ನೊಂದು ಮೇಲೆ ತೇಲುತ್ತ ಕೇಳಿಸಿಕೊಂಡು ಅವಳ ಫೋನಿಗೆ ಕಳಿಸುತ್ತದೆ. ಕೆಳಗಿನದಕ್ಕೆ ಬೇಸನ್ ಉಂಡೆಯಷ್ಟು ಬ್ಯಾಟರಿ. ಅದು ಇಪ್ಪತ್ತೊಂದು ದಿನ ಬಾಳಬೇಕು, ತಪ್ಪಿಲ್ಲದೆ ಮಾತಾಡಬೇಕು. ಹಾಗಾದರೆ ಜನವರಿಯಲ್ಲಿ ಸವದತ್ತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಯಂತ್ರ ಇಳಿಸಲು ಅವಳ ಸರ್ ಅವಕಾಶ ಕೊಡುತ್ತಾರೆ. ಇರುವುದು ಒಂದೇ ಅವಕಾಶ, ಸಿದ್ಧಾರೂಢ ಎಂಬ ಇನ್ನೊಬ್ಬನೂ ಅದಕ್ಕೆ ಕಾಯುತ್ತಿದ್ದಾನೆ. ಸಿಗದಿದ್ದರೆ ಮೂರು ವರ್ಷದ ಕೆಲಸ ಹಾಳೆಯ ಮೇಲೆಯೇ ಉಳಿಯುತ್ತದೆ.

"ಊರಾಗ ಇಷ್ಟು ಬಾವಿ ಅದಾವ, ನಮ್ಮದ ಯಾಕ?"

"ನಿಮ್ಮದು ಕಲ್ಲಿನ ಬಾವಿ ರೀ. ಗ್ವಾಡಿಗೆ ಬಡದು ಮಾತು ತಿರುಗಿ ಬರ್ತಾವು. ಇಲ್ಲಿ ಗೆದ್ದರ ಎಲ್ಲೆರೆ ಗೆಲ್ತೇನಿ."

ನಮ್ಮ ಬಾವಿಯನ್ನು ಹೊಗಳುವುದು ಗೊತ್ತಿರುವ ಹುಡುಗಿ. ಒಪ್ಪಿದೆ. ಆದರೆ ಒಳಗೆ ಇಳಿಯುವುದು ನನ್ನ ಮಗ ನಿಜಗುಣಪ್ಪ ಮಾತ್ರ ಎಂದೆ. ಆ ಓಣಿಯವರು ಯಾರೂ ನಮ್ಮ ಬಾವಿಯ ಮೆಟ್ಟಿಲು ಇಳಿದವರಲ್ಲ. ಇವಳ ಅಜ್ಜಿ ಪದ್ಮವ್ವ ನನ್ನ ವಾರಿಗೆಯವಳು. ಮೊದಲೆಲ್ಲ ಕೊಡ ಇಟ್ಟುಕೊಂಡು ಮೇಲೆ ನಿಂತಿರುತ್ತಿದ್ದಳು, ನಾನು ಸೇದಿ ಎತ್ತರದಿಂದ ಸುರಿಯುತ್ತಿದ್ದೆ. ಎಂದೂ ಅರ್ಧ ಕೊಡ ಸುರಿದವಳಲ್ಲ ನಾನು. ಬೇಕಾದರೆ ಊರಲ್ಲಿ ಕೇಳಬಹುದು.

ಹುಡುಗಿ ನನ್ನ ಮುಖ ನೋಡಿದಳು. "ಆಗಲ್ರಿ, ಅಣ್ಣಾರ ಇಳೀಲಿ. ಅವರಿಗೆ ಈಜು ಬರ್ತೈತೇನ್ರಿ?"

ಅವನಿಗೆ ನಲವತ್ತಾರು ವರ್ಷ. ಈಜು ಬರುವುದಿಲ್ಲ. ನಮ್ಮೂರು ದೊಡವಾಡದಲ್ಲಿ ಇದು ಗೊತ್ತಿಲ್ಲದವರು ಇಲ್ಲ.

ನವೆಂಬರ್ ೫

ನಿಜಗುಣಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಯಂತ್ರವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಇಳಿದ. ಏಳನೇ ಮೆಟ್ಟಿಲಲ್ಲಿ ಜಾರಿದ. ಯಂತ್ರ ತೇಲಿತು, ಅವನು ತೇಲಲಿಲ್ಲ. ಪೂನಮ್ ನಾಲ್ಕು ಮೆಟ್ಟಿಲಿಗೊಂದು ಹೆಜ್ಜೆ ಇಟ್ಟು ಹಾರಿ ಅವನ ಅಂಗಿ ಹಿಡಿದು ಎಳೆದು ತಂದಳು. ಹೇಗೂ ಒದ್ದೆಯಾಗಿದ್ದಳು, ಯಂತ್ರವನ್ನೂ ತಾನೇ ಮುಳುಗಿ ತಳದಲ್ಲಿ ಕಲ್ಲಿಗೆ ಕಟ್ಟಿ ಬಂದಳು.

ಅವಸರಕ್ಕೆ ಇಳಿದದ್ದು ಇಳಿದ ಹಾಗಲ್ಲ.

ಪರೀಕ್ಷೆ ಮುಗಿಯುವವರೆಗೆ ಬಾವಿಯ ಪಂಪು ಹಚ್ಚಬಾರದು ಎಂದಿದ್ದಾಳೆ. ಹೊಲಕ್ಕೆ ಬೋರ್‌ವೆಲ್ ಇದೆ, ತೊಂದರೆ ಇಲ್ಲ. ಮಗನಿಗೂ ಸೊಸೆ ಅನ್ನಪೂರ್ಣಾಗೂ ವಿಭೂತಿ ಗಟ್ಟಿ ಮುಟ್ಟಿಸಿ ಪಂಪು ಹಚ್ಚುವುದಿಲ್ಲ ಎಂದು ಆಣೆ ಹಾಕಿಸಿದೆ. ನಾನು ಹಾಕಿಸುವವಳು, ಆದ್ದರಿಂದ ನಾನು ಮುಟ್ಟಲಿಲ್ಲ. ಸ್ಟಾರ್ಟರಿನ ಫ್ಯೂಜ್ ಮೂರೂ ಕಿತ್ತಿಸಿ ನನ್ನ ಎಲೆ ಅಡಿಕೆ ಸಂಚಿಯಲ್ಲಿ ಹಾಕಿಕೊಂಡಿದ್ದೇನೆ.

ನವೆಂಬರ್ ೯, ಶನಿವಾರ

ನಾಲ್ಕೇ ದಿನಕ್ಕೆ ಬ್ಯಾಟರಿ ಅರ್ಧ ಖಾಲಿ. ಹುಡುಗಿ ಬಾವಿಯ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕುಳಿತಿದ್ದಳು. ಏನಾಯಿತು ಹೇಳು ಎಂದೆ.

ತಳದ ಯಂತ್ರ, ಅಂದರೆ ಕೆಳಗಿನಾಕಿ, ನಿಮಿಷಕ್ಕೊಮ್ಮೆ ಮಾತಾಡುತ್ತಾಳೆ. ಬೇಗ ಬೇಗ ಹೇಳಿದರೆ ಮೊದಲನೇ ಮಾತು ಗೋಡೆಗೆ ಬಡಿದು ತಿರುಗಿ ಬಂದು ಎರಡನೇ ಮಾತಿನ ಮೇಲೆ ಬೀಳುತ್ತದೆ. ಮೇಲಿನಾಕಿಗೆ ತಿಳಿಯದೆ "ಏನಂದಿ?" ಎನ್ನುತ್ತಾಳೆ. ಕೆಳಗಿನಾಕಿ ಮತ್ತೆ ಹೇಳುತ್ತಾಳೆ. ನಿಧಾನ ಹೇಳಿದರೆ ತಿಳಿಯುತ್ತದೆ, ಆದರೆ ಒಂದು ಸುದ್ದಿಗೆ ನಲವತ್ತು ಸೆಕೆಂಡು. ಜೋರಾಗಿ ಹೇಳಿದರೆ ಗೋಡೆಯೂ ಜೋರಾಗಿ ಹೇಳುತ್ತದೆ. ಹೇಗೆ ಮಾಡಿದರೂ ಬ್ಯಾಟರಿಯೇ ಸಾಯುವುದು.

"ಇಷ್ಟು ಏನು ಹೇಳತಾಳ ಆಕಿ?"

"ನೀರು ಮೂವತ್ತೆಂಟು ಫೂಟ್ ಐತಿ ಅಂತಾಳ್ರಿ."

"ಆಮ್ಯಾಲೆ?"

"ಮುಂದಿನ ನಿಮಿಷಾನೂ ಮೂವತ್ತೆಂಟು ಐತಿ ಅಂತಾಳ್ರಿ."

ಅನ್ನಪೂರ್ಣಾ ತವರಿಗೆ ಫೋನ್ ಹಚ್ಚಿದಾಗ ಇದೇ ನಡೆಯುತ್ತದೆ. ಅವಳು ಹಿಂದೆಯೇ ನಿಂತಿದ್ದಳು, ಆದ್ದರಿಂದ ಸ್ವಲ್ಪ ಜೋರಾಗಿಯೇ ಹೇಳಿದೆ.

ನವೆಂಬರ್ ೧೧

ಕಣ್ಣು ತೋರಿಸಲು ಬೈಲಹೊಂಗಲಕ್ಕೆ ಹೋಗಿದ್ದೆ. ಬಸ್ ಹತ್ತಿ ಮಗನ ಫೋನಿಗೆ ಒಂದು ಮಿಸ್ ಕಾಲ್ ಕೊಟ್ಟೆ. ಊರಿಗೆ ಬಂದು ಇಳಿದಾಗ ಎರಡು. ಒಂದು ಅಂದರೆ ಹತ್ತಿದೆ. ಎರಡು ಅಂದರೆ ಇಳಿದೆ, ಸ್ಕೂಟರ್ ತಗೊಂಡು ಬಾ. ಮೂರು ಅಂದರೆ ಜಗಳ ಬಿದ್ದಿದೆ, ಹೆಂಡತಿಯನ್ನೂ ಕರೆದುಕೊಂಡು ಬಾ. ಇಪ್ಪತ್ತು ವರ್ಷದಿಂದ ನಮ್ಮ ಮನೆ ಹೀಗೆಯೇ ನಡೆದಿದೆ. ಈಗ ಫೋನ್ ಮಾತು ಪುಕ್ಕಟೆ ಅವ್ವಾ ಎಂದು ಮಗ ದಿನಾ ಹೇಳುತ್ತಾನೆ. ಪುಕ್ಕಟೆ ಎಂದು ಬಾಯಿ ತೆರೆದುಕೊಂಡೇ ಇರಬೇಕೇ?

ಎರಡು ಸಲ ಫೋನ್ ಬಡಿದಾಗ ಪೂನಮ್ ಅಲ್ಲೇ ಇದ್ದಳಂತೆ. ಮಗ ಎತ್ತದೆ ಕೀಲಿ ತಗೊಂಡು ಹೊರಟದ್ದನ್ನು ನೋಡಿದ್ದಾಳೆ. ನಾನು ಬಂದು ಕುಳಿತುಕೊಳ್ಳುವುದಕ್ಕೂ ಬಿಡಲಿಲ್ಲ.

"ಅವರು ಯಾಕ ಎತ್ತಲಿಲ್ರಿ?"

"ಎತ್ತಿದರ ಮಾತು ಹತ್ತತೈತಿ. ಎತ್ತಿದವರು ದಡ್ಡರು ಅಂತ ನಮ್ಮ ಮನಿ ಕಾಯ್ದೆ."

"ಮತ್ತ ಏನೂ ವಿಶೇಷ ಇಲ್ಲದಿದ್ದರ?"

"ಇಲ್ಲದಿದ್ದರ ಹೇಳೂದೇನೈತಿ? ನನ್ನ ಫೋನ್ ಬರಲಿಲ್ಲಂದ್ರ ನಾ ಅರಾಮ ಅದೇನಿ ಅಂತ ತಿಳಕೋಬೇಕು."

ಹುಡುಗಿ ವಹಿ ತೆಗೆದು ಬರೆಯತೊಡಗಿದಳು. ಸಾಲೆಯಲ್ಲಿ ನಾನು ಹೇಳಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ. ಹಾಗಾಗಿ ಇನ್ನೊಂದು ಮಾತೂ ಹೇಳಿದೆ. ಕೂಡಿದ ಮನೆಯಲ್ಲಿ ಅತ್ತೆಗೆ ಕೇಳದ ಹಾಗೆ ನಾದಿನಿಗೆ ಮಾತ್ರ ಕೇಳುವ ಒಂದು ದನಿ ಇರುತ್ತದೆ. ಅಷ್ಟೇ ದನಿಯಲ್ಲಿ ಹೇಳಿದರೆ ಗೋಡೆಗಳಿಗೆ ತಿರುಗಿ ಹೇಳಲು ಏನೂ ಸಿಗುವುದಿಲ್ಲ.

"ಆಯೀ, ಇದನ್ನ ನಾವು ಮೂರು ವರ್ಷದಿಂದ ಲೆಕ್ಕದಾಗ ಹುಡುಕಾಕತ್ತೇವಿ," ಎಂದಳು.

ಆಯಿ ಎಂದಳು. ಗೌಡತಿಯವರ ಅನ್ನು ಎಂದು ತಿದ್ದಬೇಕಿತ್ತು. ಮರೆತೆ.

ನವೆಂಬರ್ ೧೩, ಬುಧವಾರ

ಹೊಸ ಬ್ಯಾಟರಿ, ಹೊಸ ಕಾಯ್ದೆ. ಇಂದಿನಿಂದ ಇಪ್ಪತ್ತೊಂದು ದಿನ, ಡಿಸೆಂಬರ್ ನಾಲ್ಕಕ್ಕೆ ಮುಕ್ತಾಯ.

ಇನ್ನು ಮೇಲೆ ಕೆಳಗಿನಾಕಿ ಸುಮ್ಮನೆ ಮಾತಾಡುವುದಿಲ್ಲ. ನೀರು ನಾಲ್ಕು ಬೆರಳು ಇಳಿದರೆ ಒಂದು ಬಗೆಯ ಚಿಲಿಪಿಲಿ, ನಾಲ್ಕು ಬೆರಳು ಏರಿದರೆ ಇನ್ನೊಂದು, ರಾಡಿಯಾದರೆ ಮತ್ತೊಂದು. ನಲವತ್ತು ಸೆಕೆಂಡಿನ ಸುದ್ದಿ ಈಗ ಕಣ್ಣು ಪಿಳುಕಿಸುವುದರೊಳಗೆ ಮುಟ್ಟುತ್ತದೆ, ಅದೂ ಪಿಸುಮಾತಿನಲ್ಲಿ. ಏನೂ ಬದಲಾಗದಿದ್ದರೆ ನಿದ್ದೆ. ಮೇಲಿನಿಂದ ಇವಳು ಕರೆದು ಕೇಳುವಂತಿಲ್ಲ, ಕೇಳಿದರೆ ಎಬ್ಬಿಸಿದ ಹಾಗೆ, ಬ್ಯಾಟರಿ ದಂಡ.

ಪೂನಮ್ ಮೊದಲನೇ ಮೆಟ್ಟಿಲಲ್ಲಿ ನಿಂತು, "ಇಳೀಲೇನ್ರಿ ಆಯೀ?" ಎಂದು ಕೇಳಿದಳು.

"ಏಳನೇದು ಪಾಚಿಗಟ್ಟೇತಿ. ಎಡಕ್ಕ ಹಿಡಕೊಂಡು ಇಳಿ," ಎಂದೆ. ಬಿದ್ದರೆ ಎತ್ತುವವರು ಯಾರು? ನಿಜಗುಣಪ್ಪನೇ?

ನವೆಂಬರ್ ೧೯

ಆರು ದಿನದಿಂದ ಕೆಳಗಿನಾಕಿ ಒಂದು ಮಾತೂ ಆಡಿಲ್ಲ. ಇಂಥ ಸೊಸೆ ಸಿಗಬೇಕು.

ನವೆಂಬರ್ ೨೪, ರವಿವಾರ

ಹನ್ನೊಂದು ದಿನ. ಪೂನಮ್ ಬೆಳಗಾವಿಗೆ ಹೋಗಿದ್ದಾಳೆ. ಹೋಗುವಾಗ ಫೋನ್ ನೋಡುತ್ತಲೇ ಇದ್ದಳು. ಸುಮ್ಮನಿದ್ದಾಳೆ ಅಂದರೆ ಅರಾಮ ಇದ್ದಾಳೆ ಎಂದು ನಾನೇ ಧೈರ್ಯ ಹೇಳಿ ಕಳಿಸಿದೆ.

ಊಟಕ್ಕೆ ಬಡಿಸುತ್ತ ಅನ್ನಪೂರ್ಣಾ ತಣ್ಣಗೆ ಹೇಳಿದಳು: "ಅತ್ತಿಯಾರ, ಸತ್ತವರೂ ಸುಮ್ಮನ ಇರ್ತಾರಲ್ರಿ."

ಮಗ ತಟ್ಟೆಯಲ್ಲೇ ನಕ್ಕ. ನಾನು ಎರಡನೇ ರೊಟ್ಟಿ ಮುಟ್ಟಲಿಲ್ಲ.

ನವೆಂಬರ್ ೨೬, ಮಂಗಳವಾರ

ಮನೆಯವರೆಲ್ಲ ಸಂಗೊಳ್ಳಿಗೆ ಮದುವೆಗೆ ಹೋದರು. ಮೊಣಕಾಲು ನೋವು ಎಂದು ನಾನು ಉಳಿದೆ. ಮೊಣಕಾಲು ನೋಯುತ್ತಿರಲಿಲ್ಲ.

ಮೂರು ಗಂಟೆಗೆ ಹೊಲಕ್ಕೆ ಹೋದೆ. ತ್ರೀ ಫೇಜ್ ಕರೆಂಟ್ ಇತ್ತು. ಸಂಚಿಯಿಂದ ಫ್ಯೂಜ್ ತೆಗೆದು ಹಾಕಿದೆ. ಯಜಮಾನರು ತೀರಿದ ಮೇಲೆ ಒಂಬತ್ತು ವರ್ಷ ಈ ಪಂಪು ನಡೆಸಿದವಳು ನಾನು, ಯಾರೂ ಕಲಿಸಬೇಕಾಗಿಲ್ಲ. ಕೈಗಡಿಯಾರ ನೋಡಿ ೩:೧೦ಕ್ಕೆ ಹಚ್ಚಿದೆ, ೩:೩೫ಕ್ಕೆ ಬಂದ್ ಮಾಡಿ ಗ್ರೀಸ್ ಕೈಯಲ್ಲೇ ಫ್ಯೂಜ್ ಕಿತ್ತು ಮತ್ತೆ ಸಂಚಿಗೆ ಹಾಕಿಕೊಂಡೆ. ಗೋಡೆಯ ಒದ್ದೆ ಗುರುತಿಗೆ ಕೈ ಇಟ್ಟು ಅಳೆದೆ. ಸರಿಯಾಗಿ ಒಂದು ಗೇಣು, ಅಂದರೆ ಹನ್ನೆರಡು ಬೆರಳು. ಕೆಳಗಿನಾಕಿ ಜೀವಂತ ಇದ್ದರೆ ಮೂರು ಸಲ ಕೂಗಬೇಕು. ನೀರನ್ನು ಹೊಲಕ್ಕೆ ಬಿಡದೆ ಹಳ್ಳಕ್ಕೆ ಬಿಟ್ಟೆ. ಹಸಿ ನೆಲ ನೋಡಿದರೆ ಮಗ ಕೇಳುತ್ತಾನೆ. ಬಾವಿಯ ಚಿಂತೆ ಇಲ್ಲ, ನಮ್ಮ ಸೆಲೆ ಗಟ್ಟಿ, ಬೆಳಗಾಗುವುದರೊಳಗೆ ಮತ್ತೆ ತುಂಬಿ ನಿಲ್ಲುತ್ತದೆ.

ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ. ಹದಿನಾರು ವರ್ಷದವಳಾಗಿ ಮಾವಿನಕಾಯಿ ಕದ್ದು ಬಂದ ಹಾಗೆ ಅನಿಸುತ್ತಿತ್ತು.

ನವೆಂಬರ್ ೨೭

ಮೊದಲನೇ ಬಸ್ಸಿಗೇ ಪೂನಮ್ ಓಡಿ ಬಂದಳು.

"ಆಯೀ, ನಿನ್ನೆ ಮೂರು ಸಲ ಕೂಗಿ ಹನ್ನೆರಡು ಬೆರಳು ಇಳದೈತಿ ಅಂದೈತ್ರಿ, ರಾತ್ರಿ ಮತ್ತ ಮೂರು ಸಲ ಕೂಗಿ ಹನ್ನೆರಡು ಬೆರಳು ಏರೇತಿ ಅಂದೈತಿ. ಪಂಪ್ ಹಚ್ಚಿದ್ರೇನು?"

ಜೀವಂತ ಇದ್ದಾಳೆ. ಎದ್ದು ಅನ್ನಪೂರ್ಣಾಳ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗನೂ ಸೊಸೆಯೂ ಬಾಗಿಲಿಗೆ ಬಂದು ನಿಂತರು.

"ಯಾರು ಹಚ್ಚತಾರ?" ಎಂದ ಮಗ. "ಫ್ಯೂಜ್ ಅವ್ವನ ಸಂಚಿಯಾಗ ಅದಾವು. ಆಣಿ ಹಾಕಿಸಿದಾಕಿನೂ ಅವ್ವನ."

ಎಲ್ಲರೂ ನನ್ನನ್ನೇ ನೋಡಿದರು. "ಯಾರೂ ಹಚ್ಚಿಲ್ಲ," ಎಂದೆ.

ಪೂನಮ್ ಬಾವಿಗೆ ಹೋಗಿ ಅಳೆದಳು. ನೀರು ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು. ಮೆಟ್ಟಿಲ ಮೇಲೆ ಕುಳಿತು, "ಹಂಗಾರ ನನ್ನ ಯಂತ್ರ ಸುಳ್ಳು ಹೇಳೇತಿ," ಎಂದಳು.

ಹೇಳುವುದಕ್ಕೆ ಅದು ಸರಿಯಾದ ಹೊತ್ತಾಗಿತ್ತು. ಅನ್ನಪೂರ್ಣಾ ಅಲ್ಲೇ ನಿಂತಿದ್ದಳು.

ನವೆಂಬರ್ ೩೦

ಪೂನಮ್ ಮೂರು ದಿನದಿಂದ ಮೇಲಿನ ಯಂತ್ರ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದಾಳೆ. ತಪ್ಪು ಸಿಗುತ್ತಿಲ್ಲ. ಇಲ್ಲದ್ದು ಎಲ್ಲಿಂದ ಸಿಗಬೇಕು.

ಬದನೆಕಾಯಿ ರುಚಿಸಲಿಲ್ಲ. ಬದನೆಕಾಯಿಯದೇ ತಪ್ಪು.

ಡಿಸೆಂಬರ್ ೨, ಸೋಮವಾರ

ಪೂನಮ್ ಎರಡು ದಿನದಿಂದ ಬಂದಿಲ್ಲ. ಮನೆಯಲ್ಲಿ ಕುಳಿತು ವರದಿ ಬರೆಯುತ್ತಿದ್ದಾಳಂತೆ. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಸರ್‌ಗೆ ಕಳಿಸಬೇಕು. ಯಂತ್ರ ಸುಳ್ಳು ಸುದ್ದಿ ಕೊಟ್ಟಿತು, ಕಾರಣ ಸಿಗಲಿಲ್ಲ ಎಂದು ತಾನೇ ಬರೆಯುತ್ತಾಳಂತೆ. ಸವದತ್ತಿ ಸಿದ್ಧಾರೂಢನ ಪಾಲಿಗೆ ಹೋಗುತ್ತದೆ. ಇದನ್ನು ಹೇಳಿದವನು ನಿಜಗುಣಪ್ಪ, ಬೀಡಿ ಅಂಗಡಿಯಲ್ಲಿ ಶಂಕ್ರೆಪ್ಪ ಸಿಕ್ಕಿದ್ದನಂತೆ.

"ಬರೀಬ್ಯಾಡ ಅನ್ನಬೇಕಿತ್ತು ಆಕಿಗೆ," ಎಂದೆ. "ಯಾರಿಗೆ ಗೊತ್ತಾಗತಿತ್ತು?"

"ಆಕಿ ಖರೇ ಹೇಳಾಕಿ ಅವ್ವಾ," ಎಂದ.

ಅಂಥ ಮಾತು ಅವನಿಗೆ ಎಲ್ಲಿಂದ ಬಂತೋ. ನೋಡುತ್ತಿರುವಾಗಲೇ ಅನ್ನಪೂರ್ಣಾ ನನ್ನ ಸಂಚಿ ತಂದು ಮುಂದಿಟ್ಟಳು. "ಅತ್ತಿಯಾರ, ಅಡಿಕಿಗೆ ಗ್ರೀಸ್ ಹತ್ತೇತ್ರಿ. ತೊಳದು ಕೊಡ್ಲೇನು?"

ಎಂದಿನಿಂದ ಗೊತ್ತಿತ್ತೋ ಅವಳಿಗೆ. ಕೇಳಲಿಲ್ಲ. ತೊಳಿ ಎಂದೆ.

ಡಿಸೆಂಬರ್ ೩

ಕಬ್ಬಿಣದ ಡಬ್ಬಿಗೆ ಮಾನ ಏನು ಇರುತ್ತದೆ? ಅದಕ್ಕೆ ಸುಳ್ಳಿ ಎಂದರೂ ನೋವಿಲ್ಲ, ಸತ್ಯವಂತೆ ಎಂದರೂ ಹಿಗ್ಗಿಲ್ಲ. ನನಗೆ ಎಪ್ಪತ್ತೊಂದು ವರ್ಷ. ಈ ಊರಿನಲ್ಲಿ ನಾಲ್ಕು ಮಂದಿ ನನ್ನ ಮಾತಿಗೆ ಎದ್ದು ನಿಲ್ಲುತ್ತಾರೆ.

ಮೇಲಿನದನ್ನು ಬರೆದು ಎರಡು ಸಲ ಓದಿದೆ. ಸರಿಯಾಗಿಯೇ ಇದೆ. ಆದರೂ ಸರಿಯಿಲ್ಲ.

ಡಿಸೆಂಬರ್ ೪, ಬುಧವಾರ

ಒಂಬತ್ತು ಗಂಟೆಗೆ ಪೂನಮ್‌ಗೆ ಫೋನ್ ಹಚ್ಚಿದೆ. ಮಿಸ್ ಕಾಲ್ ಅಲ್ಲ, ಪೂರ್ತಿ ಫೋನ್. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ. ಬಡಿದು ಬಡಿದು ನಿಂತಿತು. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಐದು ಸಲ ಹಚ್ಚಿದೆ. ಸಿಟ್ಟಾಗಿದ್ದಾಳೆ ಎಂದುಕೊಂಡೆ.

ಹತ್ತೂವರೆಗೆ ಸೀರೆ ಬದಲಿಸಿ ನಡೆದೇ ಹೋದೆ. ಈ ಊರಿಗೆ ಮದುವೆಯಾಗಿ ಬಂದು ಐವತ್ತಮೂರು ವರ್ಷವಾದರೂ ಕೆಳಗಿನ ಓಣಿಗೆ ಹೋಗಿರಲಿಲ್ಲ. ಆ ಕಡೆ ಕೆಲಸ ಬಿದ್ದಿರಲಿಲ್ಲ. ಓಣಿಯ ಬಾಯಲ್ಲಿ ಮಂದಿ ಮಾತು ನಿಲ್ಲಿಸಿ ಎದ್ದು ನಿಂತರು. ಶಂಕ್ರೆಪ್ಪನ ಮನೆ ಯಾವುದು ಎಂದು ಕೇಳಬೇಕಾಯಿತು.

ಒಳಗೆ ಪೂನಮ್ ಮತ್ತು ಪದ್ಮವ್ವ ಒಂದು ಫೋನಿನ ಮೇಲೆ ಇಬ್ಬರೂ ಬಗ್ಗಿ ಕುಳಿತಿದ್ದರು.

"ಫೋನ್ ಯಾಕ ಎತ್ತಲಿಲ್ಲ?"

"ಎತ್ತಿದವರು ದಡ್ಡರು ಅಂದಿದ್ರೆಲ್ರಿ," ಎಂದಳು ಪೂನಮ್. "ಐದು ಸಲ ಬಡದೈತಿ. ಮೂರರ ತನಕ ಹೇಳಿದ್ರಿ, ಐದು ಅಂದ್ರ ಏನಂತ ನಾನೂ ಅಜ್ಜಿನೂ ಆಗಿಂದ ಹುಡುಕಾಕತ್ತೇವಿ."

"ಯಾರೋ ತೀರಿಕೊಂಡಾರ ಅಂತ ನಾ ಅಂದೆ," ಎಂದಳು ಪದ್ಮವ್ವ. "ನೀವು ಅಂತೂ ಅಲ್ಲ. ಬರ್ರಿ, ಕುಂದರ್ರಿ."

ಕುಳಿತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ಹೋದ ವಾರ ಮಂಗಳವಾರ ಪಂಪು ಹಚ್ಚಿದವಳು ನಾನು. ಯಂತ್ರ ಸತ್ತಿದೆಯೋ ಏನೋ ನೋಡಬೇಕಿತ್ತು. ಮರುದಿನ ಯಾರೂ ಹಚ್ಚಿಲ್ಲ ಎಂದದ್ದು ಸುಳ್ಳು.

ಪದ್ಮವ್ವ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಪೂನಮ್ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಿತ್ತು.

"ಎಂಟು ದಿನ ನಾ ಅದನ್ನ ಸುಳ್ಳಿ ಅಂದೆ ಆಯೀ," ಎಂದಳು. "ನಿಮ್ಮನ್ನ ನಂಬಿದೆ, ನಾ ಮಾಡಿದ್ದನ್ನ ನಂಬಲಿಲ್ಲ."

"ತಪ್ಪು ನನ್ನದು," ಎಂದೆ. ಈ ಎರಡು ಶಬ್ದ ಹೇಳಿದ ನೆನಪು ನನಗೆ ಹಿಂದೆ ಎಲ್ಲಿಯೂ ಇಲ್ಲ. ಹೇಳಿದ ಮೇಲೆ ಛಾವಣಿ ಬೀಳಲಿಲ್ಲ.

"ಹೊತ್ತು ನೆನಪೈತೇನ್ರಿ?"

"೩:೧೦ಕ್ಕ ಹಚ್ಚಿದೆ, ೩:೩೫ಕ್ಕ ಬಂದ್. ಒಂದು ಗೇಣು. ಅವತ್ತ ಬರದಿಟ್ಟೇನಿ."

ಅವಳು ಫೋನ್ ತೆರೆದು ಓದಿದಳು. ನೀರು ಇಳಿಯಿತು ಎಂದು ಯಂತ್ರ ಕೂಗಿದ್ದು ೩:೧೮ಕ್ಕೆ, ೩:೨೬ಕ್ಕೆ, ೩:೩೪ಕ್ಕೆ. ಮತ್ತೊಮ್ಮೆ ಓದಿದಳು. ಆಮೇಲೆ ಅಜ್ಜಿಯ ಹೆಗಲು ಹಿಡಿದು ಅಲ್ಲಾಡಿಸಿದಳು, ನನ್ನದಲ್ಲ. ಅದು ನ್ಯಾಯವೇ.

ಬಾಯಿಮಾತು ಸಾಲದು, ಪಂಪು ಹಚ್ಚಿದವರ ಹೇಳಿಕೆ ಬರಹದಲ್ಲಿ ಬೇಕು ಎಂದರು ಫೋನಿನಲ್ಲಿ ಅವಳ ಸರ್. ಹಾಳೆ ಕೇಳಿ ತಗೊಂಡು ಬರೆದೆ. ಆಣೆ ಹಾಕಿಸಿದವಳು ನಾನೇ, ಮುರಿದವಳೂ ನಾನೇ, ಆಮೇಲೆ ಮುಚ್ಚಿಟ್ಟವಳೂ ನಾನೇ ಎಂದು ಮೂರೂ ಬರೆದೆ. ಕೆಳಗೆ ರಾಚವ್ವ ಕೋಂ ರಾಮಲಿಂಗಪ್ಪ, ಮೆಟ್ರಿಕ್ ಪಾಸ್, ಸೆಕೆಂಡ್ ಕ್ಲಾಸ್ ಎಂದು ಬರೆದು ಸಹಿ ಹಾಕಿದೆ. ಹನ್ನೊಂದು ನಲವತ್ತಕ್ಕೆ ಹಾಳೆಯ ಫೋಟೋ ತೆಗೆದು ವರದಿಯ ಜೊತೆ ಕಳಿಸಿದಳು. ಇಪ್ಪತ್ತೊಂದು ದಿನಕ್ಕೆ ಬ್ಯಾಟರಿ ಹತ್ತರಲ್ಲಿ ಒಂದು ಪಾಲೂ ಖರ್ಚಾಗಿಲ್ಲವಂತೆ.

ಉತ್ತರ ಬರುವವರೆಗೆ ಎದ್ದು ಬರಲು ಮನಸ್ಸಾಗಲಿಲ್ಲ. ಪದ್ಮವ್ವ ಉಪ್ಪಿಟ್ಟು ಮಾಡಿ ಕೊಟ್ಟಳು. ಹಸಿವಾಗಿತ್ತು, ಉಂಡೆ. ಚಹಾ ಎರಡು ಸಲ ಕುಡಿದೆ. ಎರಡು ಗಂಟೆಗೆ ಉತ್ತರ ಬಂತು. ಯಂತ್ರ ನೋಡಿದ್ದನ್ನಷ್ಟೇ ಹೇಳಿದೆ, ಮೊದಲೇ ತಿಳಿಸದೆ ಕೊಟ್ಟ ಪರೀಕ್ಷೆಯಲ್ಲಿ ಪಾಸಾಗಿದೆ, ಜನವರಿ ಆರಕ್ಕೆ ಸವದತ್ತಿ. ಪೂನಮ್ ಹೊರಗೆ ಓಡಿ ಹೋಗಿ ಓಣಿಗೆಲ್ಲ ಹೇಳಿ ಬಂದಳು. ಬಂದವಳು ನನ್ನ ಪಕ್ಕದಲ್ಲೇ ಕುಳಿತಳು, ಆದರೆ ಮುಖ ಅಜ್ಜಿಯ ಕಡೆಗೆ.

ಬರುವಾಗ ಪದ್ಮವ್ವನಿಗೆ, "ಉಪ್ಪಿಟ್ಟಿಗೆ ಉಪ್ಪು ಕಡಿಮಿ ಆಗಿತ್ತು ನೋಡು," ಎಂದು ಹೇಳಿ ಬಂದೆ. ಇದ್ದದ್ದನ್ನು ಹೇಳಬೇಕು.

"ಎರಡು ಸಲ ಹಾಕಿಸಿಕೊಂಡು ಉಂಡ ಮ್ಯಾಲೆ ನೆನಪಾತೇನು?" ಎಂದಳು. "ನಾಳೆ ಹತ್ತು ಗಂಟೆಕ್ಕ ಬರ್ರಿ. ಉಪ್ಪು ನೀವ ಹಾಕ್ರಿ."

ಡಿಸೆಂಬರ್ ೫

ಉಪ್ಪು ಸರಿಯಾಗಿತ್ತು. ಪೂನಮ್ ಮೆಣಸಿನಕಾಯಿ ಹೆಚ್ಚು ಹಾಕಿದ್ದಳು, ಬೇಕೆಂದೇ. ನಾಳೆ ನೋಡಿಕೊಳ್ಳುತ್ತೇನೆ.